ರೋಟರಿ ಪೆಡಲ್ ಜೋಡಣೆ: ಅಡಾಪ್ಟರ್, ಕಾಲಿಂಗ್ ಬೆಲ್ ಸ್ವಿಚ್ ಮತ್ತು ಆ ಎರಡು ಸೆಕೆಂಡ್

ಗಿಟಾರ್‌ಗೆ ಒಂದು ರೋಟರಿ ಸ್ಪೀಕರ್ ಪೆಡಲ್, ಅಂದರೆ ತಿರುಗುವ ಸ್ಪೀಕರ್‌ನ ಶಬ್ದ ಕೊಡುವ, ಕಾಲಲ್ಲಿ ಒತ್ತುವ ಡಬ್ಬಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. 9,500 ರೂಪಾಯಿ. ಅದನ್ನು ನನ್ನ ಪೆಡಲ್‌ಗಳೆಲ್ಲ ಇರುವ ಬೋರ್ಡಿಗೆ ಕೂರಿಸಿ, ಜೊತೆಗೆ ಬಂದ ಕೀಂ ಶಬ್ದ ತೆಗೆದು, ವೇಗ ಬದಲಾಯಿಸೋಕೆ ಬೇರೆ ಫುಟ್‌ಸ್ವಿಚ್ ಮಾಡಿಕೊಂಡು, ರಸಮಂಜರಿ ಕಾರ್ಯಕ್ರಮದಲ್ಲಿ ಧೈರ್ಯವಾಗಿ ಒತ್ತುವ ಮಟ್ಟಕ್ಕೆ ತಂದ ಕೆಲಸದ ಲೆಕ್ಕ ಇದು. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ವೆಂಟಿಲೇಟರ್, ಸ್ಟ್ರೈಮನ್ ಲೆಕ್ಸ್, ಬಾಸ್ ಆರ್‌ಟಿ-20, ಲೆಸ್ಟರ್ ಜಿ, ಯಾವುದೇ ಇರಲಿ, ನಾಬ್‌ಗಳ ಹೆಸರು ಬೇರೆ ಇರಬಹುದು, ಕೆಲಸ ಹೆಚ್ಚೂಕಡಿಮೆ ಒಂದೇ.

ಇದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಚಿಕ್ಕವರಿದ್ದಾಗ ಟೇಬಲ್ ಫ್ಯಾನ್ ಮುಂದೆ ಬಾಯಿಟ್ಟು ‘ಆ...’ ಅಂತ ಕೂಗಿದ್ದೀರಲ್ವಾ, ಆ ನಡುಕದ ಜಾತಿಯದೇ ಇದು. ಡಾನ್ ಲೆಸ್ಲಿ ಅನ್ನುವ ಅಮೆರಿಕದವರು 1940ರ ಆಸುಪಾಸಿನಲ್ಲಿ ಹ್ಯಾಮಂಡ್ ಆರ್ಗನ್ ಅನ್ನುವ ವಿದ್ಯುತ್ ಕೀಬೋರ್ಡ್‌ಗೆಂದು ಮಾಡಿದ ಮರದ ಪೆಟ್ಟಿಗೆ ಇದರ ಮೂಲ. ಮೇಲೆ ಒಂದು ಹಾರ್ನ್ ತಿರುಗುತ್ತದೆ, ಕೆಳಗೆ 15 ಇಂಚಿನ ಸ್ಪೀಕರ್‌ನ ಅಡಿ ಒಂದು ಡ್ರಮ್ ತಿರುಗುತ್ತದೆ. ಹಾರ್ನ್‌ಗೆ ಎರಡು ಬಾಯಿ ಕಂಡರೂ ಶಬ್ದ ಬರುವುದು ಒಂದರಿಂದ ಮಾತ್ರ, ಇನ್ನೊಂದು ತೂಕ ಸರಿದೂಗಿಸೋಕೆ. ಸುಮಾರು 800 ಹರ್ಟ್ಸ್‌ಗಿಂತ ಮೇಲಿನದೆಲ್ಲ ಹಾರ್ನ್‌ಗೆ, ಕೆಳಗಿನದು ಡ್ರಮ್‌ಗೆ. ಗಿಟಾರ್‌ನವರಿಗೆಂದೇ 1967ರಲ್ಲಿ ಫೆಂಡರ್ ಕಂಪನಿ ವೈಬ್ರಾಟೋನ್ ಅಂತ ಒಂದು ತಂದಿತು. ಅದರಲ್ಲಿ ಹಾರ್ನ್ ಇಲ್ಲ, 10 ಇಂಚಿನ ಒಂದೇ ಸ್ಪೀಕರ್, ಅದರ ಮುಂದೆ ತಿರುಗುವ ಥರ್ಮಾಕೋಲ್ ಡ್ರಮ್. ಅಮೆರಿಕದ ಗಿಟಾರ್ ವಾದಕ ಸ್ಟೀವಿ ರೇ ವಾನ್ ಬಳಸಿದ್ದು ಅದನ್ನು. ದೊಡ್ಡ ಲೆಸ್ಲಿ ಪೆಟ್ಟಿಗೆ ಎತ್ತೋಕೆ ಇಬ್ಬರು ಗಟ್ಟಿ ಆಳು ಬೇಕು, ಟೆಂಪೋ ಬೇಕು. ಅದಕ್ಕೇ ಪೆಡಲ್.

1. ಕೊಳ್ಳುವಾಗ ನೋಡಿದ್ದು

ಮಾರುವವರ ಮನೆಗೆ ನನ್ನದೇ ಗಿಟಾರ್, ನನ್ನದೇ ಕೇಬಲ್ ತಗೊಂಡು ಹೋದೆ. ಎಲ್ಲ ನಾಬ್‌ಗಳನ್ನೂ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನಿಧಾನಕ್ಕೆ ತಿರುಗಿಸಿ ಕರಕರ ಅನ್ನುತ್ತಾ ಅಂತ ಕಿವಿಗೊಟ್ಟೆ. ಎಡ, ಬಲ ಎರಡೂ ಔಟ್‌ಪುಟ್ ಬೇರೆಬೇರೆಯಾಗಿ ಹಾಕಿ ನೋಡಿದೆ. ಇದನ್ನು ಜಾಸ್ತಿ ಜನ ಮಾಡಲ್ಲ. ಎಲ್ಲರೂ ಮೋನೋದಲ್ಲೇ, ಅಂದರೆ ಒಂದೇ ಔಟ್‌ಪುಟ್‌ನಲ್ಲೇ ನುಡಿಸುವುದರಿಂದ ಬಲಗಡೆ ಜಾಕ್ ಸತ್ತಿದ್ದರೆ ಮಾರುವವರಿಗೂ ಗೊತ್ತಿರಲ್ಲ. ಹಿಂದುಗಡೆ ‘ರಿಮೋಟ್’ ಅಂತ ಒಂದು ಜಾಕ್ ಇತ್ತು. ಅದೇ ಮುಂದೆ ದೊಡ್ಡ ಉಪಕಾರಕ್ಕೆ ಬಂತು. ಜೊತೆಗೆ ಅಡಾಪ್ಟರ್ ಇರಲಿಲ್ಲ.

2. ಕರೆಂಟ್

ಹೆಚ್ಚಿನ ಗಿಟಾರ್ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೇ ರೂಟರ್ ಅಡಾಪ್ಟರ್ ಕೂಡ 9 ವೋಲ್ಟ್, ಪಿನ್ ಕೂಡ ಸರಿಯಾಗಿ ಕೂರುತ್ತದೆ, ಆದರೆ ನಡುವೆ ಪಾಸಿಟಿವ್. ಸುಮ್ನೆ ಚುಚ್ಚಬೇಡಿ. ಮಲ್ಟಿಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿ ತೂತಿನೊಳಗೆ, ಕಪ್ಪು ಕಡ್ಡಿ ಹೊರಗಿನ ಲೋಹಕ್ಕೆ. ಮೀಟರ್ ಮೈನಸ್ 9 ತೋರಿಸಿದರೆ ಪೆಡಲ್‌ಗೆ ಸರಿ. ಪ್ಲಸ್ 9 ಬಂದರೆ ಬೇಡ. ನನ್ನ ರೂಟರ್ ಅಡಾಪ್ಟರ್ ಪ್ಲಸ್ 9.1 ತೋರಿಸಿತು. ಇನ್ನೊಂದು ಹಳೇ ತೂಕದ ಅಡಾಪ್ಟರ್ ಇತ್ತು, ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂಥದ್ದು. ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಲೋಡ್ ಇಲ್ಲದೆ 13ಕ್ಕೂ ಜಾಸ್ತಿ ತೋರಿಸಿತು. ಅದನ್ನೂ ಬದಿಗಿಟ್ಟೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಬೋರ್ಡಿನಲ್ಲಿದ್ದ ಒಂದೇ ಪೆಡಲ್ ಅಡಾಪ್ಟರ್‌ನಿಂದ ಸರಪಳಿ ಕೇಬಲ್ ಹಾಕಿ ಇದಕ್ಕೂ ಕೊಟ್ಟದ್ದು. ಕೊಟ್ಟ ತಕ್ಷಣ ಸಣ್ಣಗೆ ಕೀಂ ಅಂತ ಒಂದು ಶಬ್ದ ಶುರುವಾಯಿತು. ಓವರ್‌ಡ್ರೈವ್ (ಶಬ್ದವನ್ನು ಒರಟಾಗಿ ಒಡೆಯುವ ಪೆಡಲ್) ಒತ್ತಿದರೆ ಅದು ಸೊಳ್ಳೆ ಹಿಂಡು. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿದರೂ ಹೋಗಲಿಲ್ಲ, ಅಂದರೆ ಗಿಟಾರ್‌ನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್‌ನಿಂದ ಬರುತ್ತಿರುವುದಲ್ಲ. ರೋಟರಿಯ ಪವರ್ ಮಾತ್ರ ಕಿತ್ತರೆ ಪೂರ್ತಿ ನಿಶ್ಶಬ್ದ. ಡಿಜಿಟಲ್ ಪೆಡಲ್‌ಗಳು ಒಳಗೆ ಮಾಡುವ ಗಲಾಟೆ ಹಂಚಿಕೊಂಡ ಗ್ರೌಂಡ್ ತಂತಿಯಲ್ಲಿ ಹರಿದು ಬೇರೆ ಪೆಡಲ್‌ಗಳಿಗೆ ಹತ್ತುತ್ತದೆ.

ಆಗದೇ ಹೋದ ಉಪಾಯಗಳು: ಅಡಾಪ್ಟರ್ ವೈರಿಗೆ ಫೆರೈಟ್ ಉಂಗುರ ಹಾಕಿದೆ, ವ್ಯತ್ಯಾಸ ಇಲ್ಲ. ಪವರ್ ವೈರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ, ಒಂಚೂರು ಕಡಿಮೆ ಆದಹಾಗೆ ಅನಿಸಿತು, ಆದರೆ ಅದು ನನ್ನ ಆಸೆ ಇರಬಹುದು. ಸರಪಳಿಯಲ್ಲಿ ಜಾಗ ಬದಲಾಯಿಸಿದರೂ ಅಷ್ಟೇ.

ಆದದ್ದು: ಪವರ್ ಬ್ಯಾಂಕ್. ಕರೆಂಟ್ ಹೋದಾಗ ರೂಟರ್ ಓಡಿಸೋಕೆ ಅಂತ 5 ವೋಲ್ಟ್‌ನಿಂದ 9 ವೋಲ್ಟ್ ಮಾಡುವ ಯುಎಸ್‌ಬಿ ಕೇಬಲ್ ಸಿಗುತ್ತದಲ್ಲ, 220 ರೂಪಾಯಿಯದು, ಅದು. ಅದೂ ನಡುವೆ ಪಾಸಿಟಿವ್. ಹಾಗಾಗಿ ವೈರ್ ನಡುವೆ ಕತ್ತರಿಸಿ ಎರಡು ತಂತಿ ಅದಲುಬದಲು ಮಾಡಿ ಸೋಲ್ಡರ್ ಹಾಕಿ, ಶ್ರಿಂಕ್ ಟ್ಯೂಬ್ ಏರಿಸಿ, ಮೀಟರ್‌ನಲ್ಲಿ ಮೈನಸ್ ಬಂತು ಅಂತ ಎರಡೆರಡು ಸಲ ನೋಡಿಕೊಂಡ ಮೇಲೆ ಪೆಡಲ್‌ಗೆ ಕೊಟ್ಟೆ. ಕೀಂ ಶಬ್ದ ಮಾಯ. ಮೀಟರ್ ಸಾಲಾಗಿ ಹಾಕಿ ನೋಡಿದಾಗ ಪೆಡಲ್ ಎಳೆಯುತ್ತಿದ್ದದ್ದು 0.17 ಆಂಪ್. 10,000 ಎಂಎಎಚ್ ಪವರ್ ಬ್ಯಾಂಕ್‌ಗೆ ಇದು ಲೆಕ್ಕಕ್ಕೇ ಇಲ್ಲ, ರಾತ್ರಿಯಿಡೀ ಕಾರ್ಯಕ್ರಮ ಇದ್ದರೂ ನಡೆಯುತ್ತದೆ. ಆಮೇಲೆ 4,200 ಕೊಟ್ಟು ಪ್ರತಿ ಔಟ್‌ಪುಟ್ ಬೇರ್ಪಟ್ಟಿರುವ ಪವರ್ ಸಪ್ಲೈ ತಗೊಂಡೆ, ಬೋರ್ಡ್ ಅಚ್ಚುಕಟ್ಟಾಗಲಿ ಅಂತ. ಶಬ್ದದ ವಿಷಯದಲ್ಲಿ ಪವರ್ ಬ್ಯಾಂಕ್‌ಗೂ ಅದಕ್ಕೂ ಏನೂ ವ್ಯತ್ಯಾಸ ಕೇಳಲಿಲ್ಲ. ದುಡ್ಡು ಉಳಿಸಬೇಕು ಅನ್ನುವವರು ಮೊದಲಿನದರಲ್ಲೇ ನಿಲ್ಲಬಹುದು.

3. ಸಾಲಿನಲ್ಲಿ ಎಲ್ಲಿ ಇಡೋದು

ನನ್ನ ಸಾಲು ಈಗ ಹೀಗಿದೆ: ಗಿಟಾರ್, ಟ್ಯೂನರ್, ಕಂಪ್ರೆಸರ್, ಓವರ್‌ಡ್ರೈವ್, ರೋಟರಿ, ಡಿಲೇ, ಆಂಪ್. ನಿಜವಾದ ಲೆಸ್ಲಿಯಲ್ಲೂ ಒಳಗಿನ ವಾಲ್ವ್ ಆಂಪ್ ಮೊದಲು ಶಬ್ದ ಒಡೆಯುತ್ತದೆ, ಆಮೇಲೆ ಆ ಶಬ್ದ ತಿರುಗುತ್ತದೆ. ಅದೇ ಕ್ರಮ ಇಲ್ಲೂ ಸರಿ ಹೋಗುತ್ತದೆ. ರೋಟರಿಯ ಹಿಂದೆ ಓವರ್‌ಡ್ರೈವ್ ಇಟ್ಟರೆ, ಅಂದರೆ ತಿರುಗಿದ ಶಬ್ದ ಡ್ರೈವ್‌ಗೆ ಹೋಗುವ ಹಾಗೆ ಮಾಡಿದರೆ, ಏರಿಳಿತವನ್ನು ಡ್ರೈವ್ ಚಪ್ಪಟೆ ಮಾಡಿಬಿಡುತ್ತದೆ. ಅಲೆ ಹೋಗಿ ಬರೀ ಶ್ರುತಿ ಅಲುಗಾಡುವುದು ಉಳಿಯುತ್ತದೆ. ಆಂಪ್‌ನಲ್ಲೇ ಡಿಸ್ಟಾರ್ಶನ್ ಹಾಕಿಕೊಳ್ಳುವವರು ಇದೇ ಕಾರಣಕ್ಕೆ ಪೆಡಲನ್ನು ಆಂಪ್‌ನ ಎಫೆಕ್ಟ್ಸ್ ಲೂಪ್‌ಗೆ (ಡಿಸ್ಟಾರ್ಶನ್ ಆದ ಮೇಲೆ ಪೆಡಲ್ ಸೇರಿಸುವ ಜಾಕ್‌ಗಳಿಗೆ) ಹಾಕಬೇಕು. ಅಲ್ಲಿ ಸಿಗ್ನಲ್ ಜೋರಾಗಿರುತ್ತದೆ, ಪೆಡಲ್‌ನಲ್ಲಿ ಶಬ್ದ ಒಡೆಯುತ್ತಿದ್ದರೆ, ಜೋರು ಸಿಗ್ನಲ್‌ಗೆಂದೇ ಇರುವ ಲೈನ್ ಲೆವೆಲ್ ಸ್ವಿಚ್ ಇದೆಯಾ ನೋಡಿ.

ಕೋರಸ್ ಪೆಡಲ್ (ಅದೂ ಸ್ವರ ಅಲುಗಾಡಿಸುವಂಥದ್ದೇ) ಬೋರ್ಡಿನಿಂದ ತೆಗೆದೇ ಬಿಟ್ಟೆ. ಎರಡೂ ಒಟ್ಟಿಗೆ ಆನ್ ಆದರೆ ಕೇಳುವವರಿಗೆ ತಲೆ ಸುತ್ತುತ್ತದೆ.

ಒಂದು ವಿಷಯ ಯಾರೂ ಹೇಳಿರಲಿಲ್ಲ. ಗಿಟಾರ್‌ನ ಕೆಳಗಿನ ಇ ತಂತಿ (ದಪ್ಪದ್ದು) ಎಲ್ಲೂ ಒತ್ತದೆ ಮೀಟಿದರೆ 82 ಹರ್ಟ್ಸ್. ಮೇಲಿನ ಇ ತಂತಿಯ (ತೆಳುವಿನದರ) 12ನೇ ಫ್ರೆಟ್ 659. 15ನೇ ಫ್ರೆಟ್ ಕೂಡ 784. ಅಂದರೆ ನಾವು ನುಡಿಸುವ ಸ್ವರಗಳ ಮೂಲ ಬಹುತೇಕ 800ರ ಕೆಳಗೇ ಇದೆ, ಡ್ರಮ್‌ಗೆ ಹೋಗುತ್ತದೆ. ಹಾರ್ನ್‌ಗೆ ಸಿಗುವುದು ಮೇಲಿನ ಹೊಳಪು ಮಾತ್ರ. ನಾನು ನೆಕ್ ಪಿಕಪ್‌ನಲ್ಲಿ ಟೋನ್ ಅರ್ಧ ಇಳಿಸಿಕೊಂಡು ನುಡಿಸುತ್ತಿದ್ದೆ, ಪೆಡಲ್ ಮಂಕಾಗಿದೆ ಅಂತ ಬೈಯುತ್ತಿದ್ದೆ. ಟೋನ್ ಪೂರ್ತಿ ಏರಿಸಿ, ನಡುವಿನ ಪಿಕಪ್‌ಗೆ ಬಂದು, ಬ್ಯಾಲೆನ್ಸ್ ನಾಬ್ ಹಾರ್ನ್ ಕಡೆ ಮೂರನೇ ಎರಡು ಭಾಗ ತಿರುಗಿಸಿದೆ. ಸುಳಿ ಕೇಳಿಸಿತು. ಆರ್ಗನ್‌ಗೆ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆ ಬರುವ ಮೇಲಿನ ಉಪಸ್ವರಗಳು) ಧಾರಾಳ ಇರುತ್ತದೆ, ನಮಗೆ ನಾವೇ ಒದಗಿಸಬೇಕು. ರೋಟರಿಗೆ ಮೊದಲು ಒಂಚೂರು ಓವರ್‌ಡ್ರೈವ್ ಹಾಕಿದರೆ ಚೆನ್ನಾಗಿ ಕೇಳೋದೂ ಇದೇ ಕಾರಣಕ್ಕೆ.

4. ವೇಗ ಅಳೆದದ್ದು

ನಾಬ್ ಮೇಲೆ ಅಂಕಿ ಇಲ್ಲ, ಬರೀ ಗೆರೆ. ಹಾಗಾಗಿ ಅಳೆದೆ. ಹಾರ್ನ್ ಮತ್ತು ಡ್ರಮ್ ಬೇರೆಬೇರೆ ವೇಗದಲ್ಲಿ ತಿರುಗುವುದರಿಂದ ಎರಡನ್ನೂ ಒಟ್ಟಿಗೆ ಎಣಿಸೋಕೆ ಆಗಲ್ಲ. ಬ್ಯಾಲೆನ್ಸ್ ಪೂರ್ತಿ ಹಾರ್ನ್‌ಗೆ ತಿರುಗಿಸಿ ಒಂದು ಕಾರ್ಡ್ ಎಳೆದು ಬಿಟ್ಟು ಎಣಿಸಬೇಕು. ನಿಧಾನ ವೇಗಕ್ಕೆ ಮೊಬೈಲ್ ಸ್ಟಾಪ್‌ವಾಚ್ ಸಾಕು: 10 ಅಲೆಗೆ 13 ಸೆಕೆಂಡ್, ಅಂದರೆ ನಿಮಿಷಕ್ಕೆ ಸುಮಾರು 46 ಸುತ್ತು. ದೊಡ್ಡ ಲೆಸ್ಲಿಯ ನಿಧಾನ ವೇಗವೂ ಹೆಚ್ಚುಕಡಿಮೆ ಇಷ್ಟೇ. ಜೋರು ವೇಗ ಕಿವಿಯಲ್ಲಿ ಎಣಿಸೋಕೆ ಆಗಲ್ಲ. ರೆಕಾರ್ಡ್ ಮಾಡಿ ಕಂಪ್ಯೂಟರ್‌ನಲ್ಲಿ ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು ಅಲೆಯ ಉಬ್ಬುಗಳನ್ನು ಎಣಿಸಿದೆ. 20 ಉಬ್ಬಿಗೆ 3 ಸೆಕೆಂಡ್, ಅಂದರೆ ನಿಮಿಷಕ್ಕೆ 400. ಇದೂ ಮೂಲ ಯಂತ್ರದ ಲೆಕ್ಕವೇ.

ಆದರೆ ಗಿಟಾರ್‌ನಲ್ಲಿ 400 ನನಗೆ ಜಾಸ್ತಿ ಅನಿಸಿತು, ಸ್ವರ ಗಾಬರಿಯಾದ ಹಾಗೆ. ಇಳಿಸಿ 350ರ ಹತ್ತಿರ ನಿಲ್ಲಿಸಿದೆ. ಮಾರ್ಕರ್‌ನಲ್ಲಿ ಚುಕ್ಕಿ ಇಟ್ಟೆ.

ಇನ್ನು ರ‍್ಯಾಂಪ್. ನಿಧಾನದಿಂದ ಜೋರಿಗೆ ಹೋಗೋಕೆ ಎಷ್ಟು ಹೊತ್ತು ಅನ್ನುವ ನಾಬ್. ಮೂಲ ಯಂತ್ರದಲ್ಲಿ ಹಗುರವಾದ ಹಾರ್ನ್ ಸುಮಾರು ಒಂದು ಸೆಕೆಂಡ್‌ನಲ್ಲಿ ವೇಗ ಹಿಡಿಯುತ್ತದೆ, ಭಾರದ ಡ್ರಮ್ ಹಲವು ಸೆಕೆಂಡ್ ತಡವಾಗಿ ಬಂದು ಸೇರಿಕೊಳ್ಳುತ್ತದೆ. ಈ ಹೊಂದಿಕೆ ಇಲ್ಲದ ಓಟವೇ ಕೇಳೋಕೆ ಚೆಂದ. ಪೆಡಲ್‌ಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ಬರೀ ನಿಧಾನದಲ್ಲಿ ಬಿಟ್ಟರೆ ಅದು ಒಳ್ಳೇ ಕೋರಸ್, ಬರೀ ಜೋರಲ್ಲಿ ಬಿಟ್ಟರೆ ಒಳ್ಳೇ ಟ್ರೆಮೊಲೊ (ಶಬ್ದ ಏರಿಳಿಸುವ ಪೆಡಲ್), ಎರಡೂ ಇದರ ಕಾಲುಭಾಗ ಬೆಲೆಗೆ ಸಿಗುತ್ತದೆ. ಬದಲಾಗುವ ಆ ಎರಡು ಸೆಕೆಂಡ್ ಬೇರೆ ಯಾವುದರಲ್ಲೂ ಸಿಗಲ್ಲ.

ಹಾಗಾಗಿ ಸರಿಯಾದ ಕ್ಷಣಕ್ಕೆ ಒತ್ತೋದು ಮುಖ್ಯ. ಪೆಡಲ್ ಮೇಲೆ ಸ್ವಿಚ್ ಎರಡು, ಆನ್-ಆಫ್ ಮತ್ತು ವೇಗ, ನಡುವೆ ಬರೀ 5.5 ಸೆಂ.ಮೀ. ಶೂ ಹಾಕಿದ ಕಾಲಲ್ಲಿ ವೇಗ ಒತ್ತೋಕೆ ಹೋದರೆ ಎರಡೂ ಒತ್ತಿಕೊಂಡು ಎಫೆಕ್ಟ್ ಆಫ್ ಆಗುತ್ತಿತ್ತು. ಅದಕ್ಕೆ ಮುಂದಿನ ಕೆಲಸ.

5. ಫುಟ್‌ಸ್ವಿಚ್

ರಿಮೋಟ್ ಜಾಕ್ ಯಾವ ಬಗೆಯ ಸ್ವಿಚ್ ಕೇಳುತ್ತದೆ ಅಂತ ಮೊದಲು ತಿಳಿಯಬೇಕು. ಮ್ಯಾನುಯಲ್ ಇರಲಿಲ್ಲ. ಗಿಟಾರ್ ಕೇಬಲ್‌ನ ಒಂದು ತುದಿ ಜಾಕ್‌ಗೆ ಹಾಕಿ, ಇನ್ನೊಂದು ತುದಿಯ ಪ್ಲಗ್‌ನಲ್ಲಿ ತುದಿ ಮತ್ತು ಹೊರಕವಚವನ್ನು ಸ್ಕ್ರೂಡ್ರೈವರ್‌ನಿಂದ ಮುಟ್ಟಿಸಿದೆ. ಒಂದು ಸಲ ಮುಟ್ಟಿಸಿ ತೆಗೆದರೆ ಜೋರು, ಮತ್ತೆ ಮುಟ್ಟಿಸಿ ತೆಗೆದರೆ ನಿಧಾನ. ಅಂದರೆ ಒತ್ತಿದಾಗ ಮಾತ್ರ ಸೇರುವ ಸ್ವಿಚ್ ಬೇಕು. ಮುಟ್ಟಿಸಿ ಹಿಡಿದಷ್ಟು ಹೊತ್ತು ಮಾತ್ರ ಜೋರಾಗಿದ್ದರೆ ಒತ್ತಿದ ಮೇಲೆ ನಿಂತುಕೊಳ್ಳುವ ಸ್ವಿಚ್ ಬೇಕಾಗುತ್ತಿತ್ತು. ಇದು ಬರೀ ಸ್ವಿಚ್ ಜಾಕ್ ಅಂತ ಖಾತ್ರಿ ಇದ್ದರೆ ಮಾತ್ರ ಹೀಗೆ ಮಾಡಿ.

ಒತ್ತಿದಾಗ ಮಾತ್ರ ಸೇರುವ ಸ್ವಿಚ್ ಪ್ರತಿ ಮನೆ ಬಾಗಿಲಲ್ಲೂ ಇದೆ, ಕಾಲಿಂಗ್ ಬೆಲ್‌ನದು. ಡ್ರಾಯರ್‌ನಲ್ಲಿ ಒಂದು ಬಿದ್ದಿತ್ತು. ಮರದ ತುಂಡಿಗೆ ಬಡಿದು, ಹಳೇ ಕೇಬಲ್ ಜೋಡಿಸಿದೆ. ಕೆಲಸ ಮಾಡಿತು! ಕೈಯಲ್ಲಿ ಒತ್ತಿದರೆ ಸರಿ. ಕಾಲಲ್ಲಿ ಒತ್ತಿದಾಗ ಪ್ಲಾಸ್ಟಿಕ್ ಕಿರುಗುಟ್ಟಿತು, ಒಂದೆರಡು ಸಂಜೆಯಲ್ಲಿ ಮೂಲೆ ಬಿರುಕು ಬಿಟ್ಟಿತು. ಆದರೂ ಪರೀಕ್ಷೆಗೆ ಇದಕ್ಕಿಂತ ಅಗ್ಗದ್ದು ಸಿಗಲ್ಲ. ಸ್ವಿಚ್ ಬೋರ್ಡಿನ ಯಾವ ಜಾಗದಲ್ಲಿ ಇರಬೇಕು ಅನ್ನೋದು ಇದರಲ್ಲೇ ಗೊತ್ತಾಯಿತು: ಬಲತುದಿಯಲ್ಲಿ, ಉಳಿದ ಪೆಡಲ್‌ಗಳಿಗಿಂತ ಒಂದು ಗೇಣು ಈಚೆ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡ್. ಒತ್ತಿದಾಗ ಸೇರುವ ಫುಟ್‌ಸ್ವಿಚ್ ಕೇಳಿದರೆ ಮೊದಲ ಅಂಗಡಿಯಲ್ಲಿ ನಿಂತುಕೊಳ್ಳುವ ಬಗೆಯದು ಕೊಟ್ಟರು. ಎರಡೂ ನೋಡೋಕೆ ಒಂದೇ ಥರ. ಅಲ್ಲೇ ಮೀಟರ್‌ನ ಬೀಪ್ ಹಾಕಿ ನೋಡಿ ತಗೊಳ್ಳಿ: ಒತ್ತಿದಾಗ ಮಾತ್ರ ಬೀಪ್ ಬರಬೇಕು, ಕೈಬಿಟ್ಟರೆ ನಿಲ್ಲಬೇಕು. ಸ್ವಿಚ್ 180, ಜಾಕ್ 40.

ಡಬ್ಬಿಗೆ ಅಲ್ಯೂಮಿನಿಯಂ ಬಾಕ್ಸ್ 450 ಹೇಳಿದರು. ಬಿಟ್ಟು, ಗೋಡೆಯೊಳಗೆ ಸ್ವಿಚ್‌ಬೋರ್ಡ್ ಕೂರಿಸುವ ಮೂರು ಮಾಡ್ಯೂಲ್‌ನ ಜಿಐ (ಸತು ಲೇಪದ ತಗಡಿನ) ಬಾಕ್ಸ್ ತಗೊಂಡೆ, 60 ರೂಪಾಯಿ. ಬೋರಲು ಹಾಕಿದರೆ ಅದರ ಬೆನ್ನೇ ಮೇಲ್ಭಾಗ. ಫುಟ್‌ಸ್ವಿಚ್‌ಗೆ 12 ಮಿ.ಮೀ. ತೂತು ಬೇಕು. ತಗಡು ತೆಳ್ಳಗಿರುವುದರಿಂದ ನೇರ ದೊಡ್ಡ ಬಿಟ್ ಹಾಕಿದರೆ ಕಚ್ಚಿಕೊಂಡು ಬಾಕ್ಸೇ ಗಿರ್ರನೆ ತಿರುಗುತ್ತದೆ. ಕೆಳಗೆ ಮರದ ತುಂಡು ಕೊಟ್ಟು, ಕ್ಲಾಂಪ್ ಹಾಕಿ, ಮೊದಲು 4, ಆಮೇಲೆ 8, ಆಮೇಲೆ 10 ಮಿ.ಮೀ., ಉಳಿದದ್ದು ದುಂಡು ಅರದಿಂದ ಉಜ್ಜಿದೆ. ಜಾಕ್‌ಗೆ ಪಕ್ಕದಲ್ಲಿ ಪೈಪ್‌ಗೆಂದು ಮೊದಲೇ ಇರುವ ಗುಂಡು ಮುಚ್ಚಳ ಕಿತ್ತೆ. ಆ ತೂತು ಜಾಕ್‌ಗೆ ವಿಪರೀತ ದೊಡ್ಡದು, ಒಳಗೊಂದು ಹೊರಗೊಂದು ಅಗಲದ ವಾಷರ್ ಹಾಕಿ ಬಿಗಿದಾಗ ಗಟ್ಟಿಯಾಯಿತು. ಕಾಲಿಟ್ಟರೆ ತಗಡು ಬಗ್ಗುತ್ತಿತ್ತು. ಒಳಗೆ ಸ್ವಿಚ್‌ನ ಅಕ್ಕಪಕ್ಕ ಎರಡು ಮರದ ತುಂಡು ನಿಲ್ಲಿಸಿ, ಅಡಿಗೆ 6 ಮಿ.ಮೀ. ಪ್ಲೈವುಡ್ ಸ್ಕ್ರೂ ಮಾಡಿದೆ. ಈಗ ಮೇಲೆ ನಿಂತರೂ ಏನಾಗಲ್ಲ.

ವೈರಿಂಗ್ ಎರಡೇ ತಂತಿ, ಸ್ವಿಚ್‌ನಿಂದ ಜಾಕ್‌ನ ತುದಿಗೆ ಮತ್ತು ಗ್ರೌಂಡ್‌ಗೆ. ಆದರೂ ಒಂದು ತೊಂದರೆ. ಆಗಾಗ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗಾಗಿ, ಜೋರಿಗೆ ಹೋಗೋಕೆ ಹೊರಟದ್ದು ವಾಪಸ್ ನಿಧಾನಕ್ಕೆ. ಸ್ವಿಚ್ ಒಳಗಿನ ಲೋಹ ಕುಪ್ಪಳಿಸುವುದು ಕಾರಣ. ಸ್ವಿಚ್‌ಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಕಡಿಮೆ ಆಯಿತು, ಹೋಗಲಿಲ್ಲ. 1 ಮೈಕ್ರೋಫ್ಯಾರಡ್ ಹಾಕಿದ ಮೇಲೆ ನಿಂತಿತು. 5 ರೂಪಾಯಿಯ ಸಾಮಾನು.

6. ಎರಡು ಆಂಪ್

ಸ್ಟೀರಿಯೋದಲ್ಲಿ ಕೇಳಬೇಕು ಅನ್ನುವ ಆಸೆಗೆ ಅಣ್ಣನ ಮಗನ ಸಣ್ಣ ಆಂಪ್ ತಂದು ಜೋಡಿಸಿದೆ. ಎರಡನೇ ಆಂಪ್ ಹಾಕಿದ ತಕ್ಷಣ ಗುಂಯ್ ಅಂತ ದಪ್ಪ ಶಬ್ದ. ಮುಂಚಿನ ಕೀಂ ಬೇರೆ, ಇದು ಬೇರೆ, ಇದು ಅರ್ಥಿಂಗ್‌ನದು. ಎರಡು ಆಂಪ್ ಕೋಣೆಯ ಎರಡು ಗೋಡೆಯ ಸಾಕೆಟ್‌ಗಳಲ್ಲಿದ್ದವು. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ತಂದೆ, ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಉಳಿದದ್ದಕ್ಕೆ 600:600 ಓಮ್‌ನ ಆಡಿಯೋ ಟ್ರಾನ್ಸ್‌ಫಾರ್ಮರ್ ಒಂದನ್ನು ಎರಡನೇ ಆಂಪ್‌ನ ಸಾಲಿನಲ್ಲಿ ಹಾಕಿದೆ, ಎರಡು ಬದಿಯ ಗ್ರೌಂಡ್ ಸೇರಿಸದೆ. ಗುಂಯ್ ಹೋಯಿತು. ಅಗ್ಗದ ಟ್ರಾನ್ಸ್‌ಫಾರ್ಮರ್ ಆದ್ದರಿಂದ ಆ ಬದಿಯ ಬೇಸ್ ಸ್ವಲ್ಪ ತೆಳುವಾಯಿತು, ಆಂಪ್‌ನಲ್ಲೇ ಏರಿಸಿಕೊಂಡೆ.

ಸಲಹೆ ಕೇಳಿದವರಲ್ಲಿ ಒಬ್ಬರು ಆಂಪ್ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕು ಅಂದರು. ಶಬ್ದ ಖಂಡಿತ ನಿಲ್ಲುತ್ತದೆ. ಆದರೆ ಆಂಪ್ ಒಳಗೆ ಏನಾದರೂ ಕೆಟ್ಟು ಚಾಸಿಗೆ ಕರೆಂಟ್ ಬಂದರೆ ಅದು ಹರಿಯುವ ದಾರಿ ಗಿಟಾರ್ ತಂತಿ ಹಿಡಿದ ನಿಮ್ಮ ಕೈ. ಆ ಕೆಲಸ ಯಾವತ್ತೂ ಮಾಡಬೇಡಿ.

ಗುಂಯ್ ಹೋದರೂ ಎರಡೂ ಒಟ್ಟಿಗೆ ನುಡಿದಾಗ ಬೇಸ್ ಇಲ್ಲ, ಒಂದನ್ನೇ ನುಡಿಸಿದರೆ ಇದೆ. ಒಂದು ಸ್ಪೀಕರ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿತ್ತು. ಟ್ರಾನ್ಸ್‌ಫಾರ್ಮರ್‌ನ ಒಂದು ಬದಿಯ ಎರಡು ತಂತಿ ಅದಲುಬದಲು ಮಾಡಿದೆ, ಸರಿಯಾಯಿತು. ಆಮೇಲೆ ಕೋಣೆಯ ನಡುವೆ ಕೂತು ಕೇಳಿದರೆ, ಅಬ್ಬ! ಶಬ್ದ ಎಡಗಿವಿಯಿಂದ ಹೊರಟು ಬೆನ್ನ ಹಿಂದೆ ಹಾದು ಬಲಕ್ಕೆ ಬಂದ ಹಾಗೆ. ತಿರುಗುವ ಸ್ಪೀಕರ್ ಮುಂದೆ ಮೈಕ್ ಎಷ್ಟು ದೂರ ಇಟ್ಟ ಹಾಗೆ ಕೇಳಬೇಕು ಅನ್ನುವ ನಾಬ್ ಒಂದಿದೆ, ಅದನ್ನು ಮನೆಯಲ್ಲಿ ಹತ್ತಿರಕ್ಕೆ ಇಟ್ಟಿದ್ದೇನೆ.

7. ಸ್ಟೇಜ್ ಮೇಲೆ

ಅಲ್ಲಿ ಈ ಸ್ಟೀರಿಯೋ ಎಲ್ಲ ಲೆಕ್ಕಕ್ಕಿಲ್ಲ. ಗಣೇಶನ ಪೆಂಡಾಲ್‌ನಲ್ಲಿ ಮಿಕ್ಸರ್‌ನವರು ಗಿಟಾರ್‌ಗೆ ಕೊಡುವುದು ಒಂದೇ ಲೈನ್, ಕೊಟ್ಟರೆ ಪುಣ್ಯ. ಮೋನೋದಲ್ಲಿ ಮೈಕ್ ಹತ್ತಿರ ಇದ್ದರೆ ಶಬ್ದ ಬಂದುಬಂದು ಹೋದ ಹಾಗೆ, ಕೇಬಲ್ ಲೂಸ್ ಇದೆ ಅಂತ ಸೌಂಡ್‌ನವರೇ ಎದ್ದು ಬರುತ್ತಾರೆ. ಮೈಕ್ ದೂರ ಇಟ್ಟು, ಬ್ಯಾಲೆನ್ಸ್ ನಡುವಿಗೆ ತಂದರೆ ಸಾಕು.

ಕೀಬೋರ್ಡ್‌ನವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಹಳೇ ಹಾಡುಗಳಿಗೆ ಅವರೂ ಆರ್ಗನ್ ಟೋನ್‌ನಲ್ಲಿ ರೋಟರಿ ಹಾಕಿಕೊಂಡಿರುತ್ತಾರೆ. ಇಬ್ಬರೂ ತಿರುಗಿಸಿದರೆ ಹಾಡು ಕೆಸರಾಗುತ್ತದೆ. ನಮ್ಮ ತಂಡದಲ್ಲಿ ಪಲ್ಲವಿಗೆ ಅವರು, ನಡುವಿನ ಬಿಜಿಎಂಗೆ ನಾನು ಅಂತ ಆಗಿದೆ.

ಒತ್ತುವ ಲೆಕ್ಕ ಹೇಳಿಕೊಟ್ಟದ್ದು ತಬಲಾದವರು. ಕೆಹರ್ವಾ ತಾಳದಲ್ಲಿ 8 ಮಾತ್ರೆ. ನಿಮಿಷಕ್ಕೆ 72 ಬೀಟ್‌ನ ಹಾಡಲ್ಲಿ, ಬೀಟ್‌ಗೆ ಎರಡು ಮಾತ್ರೆಯಂತೆ, 4 ಮಾತ್ರೆ ಅಂದರೆ 1.67 ಸೆಕೆಂಡ್. ರ‍್ಯಾಂಪ್ ಅಷ್ಟಕ್ಕೇ ಇಟ್ಟು, ‘ಖಾಲಿ’ ಅನ್ನುವ 5ನೇ ಮಾತ್ರೆ ಬಂದಾಗ ಒತ್ತಿದರೆ ಮುಂದಿನ ಸಮ್‌ಗೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ, ಸರಿಯಾಗಿ ಪೂರ್ತಿ ವೇಗ. ಸಮ್‌ಗೇ ಒತ್ತಿದರೆ ತಡವಾಯಿತು ಅಂತಲೇ. ಪಲ್ಲವಿ ಮುಗಿಯುವ ಉದ್ದದ ಕಾರ್ಡ್‌ಗೆ ಖಾಲಿಯಲ್ಲಿ ಜೋರು, ಚರಣ ಶುರುವಾದಾಗ ಮತ್ತೆ ನಿಧಾನ. ಹಾಡಿಗೆ ಎರಡು ಮೂರು ಸಲ ಸಾಕು. ಚುರುಕಿನ ಹಾಡುಗಳಲ್ಲಿ ರ‍್ಯಾಂಪ್ ಒಂದು ಸೆಕೆಂಡ್‌ಗೆ ಇಳಿಸುತ್ತೇನೆ, ಅದಕ್ಕೂ ನಾಬ್ ಪಕ್ಕ ಇನ್ನೊಂದು ಬಣ್ಣದ ಚುಕ್ಕಿ ಇದೆ.

8. ಖರ್ಚು ಮತ್ತು ಬಾಕಿ

ಪೆಡಲ್ 9,500, ಪವರ್ ಸಪ್ಲೈ 4,200, ಯುಎಸ್‌ಬಿ ಕೇಬಲ್ 220, ಫುಟ್‌ಸ್ವಿಚ್‌ನ ಸಾಮಾನು ಸ್ಕ್ರೂ, ವಾಷರ್, ರಬ್ಬರ್ ಬುಷ್ ಸೇರಿ 330, ಅದಕ್ಕೆ ಕೇಬಲ್ 250, ಟ್ರಾನ್ಸ್‌ಫಾರ್ಮರ್ 150. ಒಟ್ಟು 14,650. ಪವರ್ ಸಪ್ಲೈ ಬೇಡ ಅಂದರೆ 10,450.

ಬಾಕಿ ಇರುವುದು ಬ್ರೇಕ್. ರಿಮೋಟ್ ಜಾಕ್‌ನ ರಿಂಗ್ ಸಂಪರ್ಕ (ತುದಿಗೂ ಹೊರಕವಚಕ್ಕೂ ನಡುವಿನದು) ಗ್ರೌಂಡ್‌ಗೆ ಮುಟ್ಟಿಸಿದರೆ ರೋಟರ್ ನಿಧಾನಕ್ಕೆ ನಿಂತುಬಿಡುತ್ತದೆ, ಹಾಡಿನ ಕೊನೆಗೆ ಬಹಳ ಚೆಂದ ಕೇಳುತ್ತದೆ. ಅದಕ್ಕೆ ಎರಡನೇ ಸ್ವಿಚ್ ಮತ್ತು ಸ್ಟೀರಿಯೋ ಜಾಕ್ ಬೇಕು. ಜಿಐ ಬಾಕ್ಸ್‌ನಲ್ಲಿ ಜಾಗ ಇದೆ. ಎರಡು ಸ್ವಿಚ್ ನಡುವೆ 5.5 ಸೆಂ.ಮೀ.ಗಿಂತ ಜಾಸ್ತಿ ಸಿಗುತ್ತಾ ಅಂತ ಅಳೆದೆ, 7 ಸಿಗುತ್ತದೆ.